ಚಾಕ್ಯಾರರ ಕೂತ್ತು ಮತ್ತು ಅದರ ಹಾಸ್ಯ

ಒಬ್ಬನೇ ಒಬ್ಬನು ಸಭೆಯ ಮುಂದೆ ಎದ್ದು ನಿಂತು, ಬೇರೊಬ್ಬ ನಟನ ನೆರವಿಲ್ಲದೆ, ಬರಿಯ ಮಾತಿನ ಬಲದಿಂದ ಜನರನ್ನು ತಾಸುಗಟ್ಟಲೆ ನಗಿಸುವ ವಿದ್ಯೆಯು ಪಶ್ಚಿಮ ದೇಶಗಳಿಂದ ಈಚೆಗೆ ಬಂದದ್ದೆಂದು ಅನೇಕರು ತಿಳಿದಿರುತ್ತಾರೆ. ನಗರಗಳಲ್ಲಿ ಈಗ ಧ್ವನಿವರ್ಧಕವನ್ನು ಹಿಡಿದು ನಿಲ್ಲುವ ತರುಣರ ಮಟ್ಟಿಗೆ ಆ ಮಾತು ಸಲ್ಲಬಹುದು. ಆದರೆ ಕೇರಳದ ದೇವಾಲಯಗಳಲ್ಲಿ ಚಾಕ್ಯಾರರೆಂಬ ಮನೆತನಗಳವರು ಇದೇ ವಿದ್ಯೆಯನ್ನು ಹಲವು ನೂರು ವರ್ಷಗಳಿಂದ ಕುಲವೃತ್ತಿಯಾಗಿಯೂ ದೇವರ ಸೇವೆಯಾಗಿಯೂ ನಡೆಸಿಕೊಂಡು ಬಂದಿದ್ದಾರೆ. ಅದಕ್ಕೆ ಚಾಕ್ಯಾರ್ ಕೂತ್ತು ಎಂದು ಹೆಸರು. ಕನ್ನಡ ನಾಡಿನ ಹರಿಕಥೆಯ ದಾಸರನ್ನು ಕಂಡ ವಾಚಕರಿಗೆ ಅದರ ಹೊರರೂಪವು ಅಪರಿಚಿತವೆನಿಸಲಾರದು. ಶ್ಲೋಕವನ್ನು ಹೇಳುವುದು, ಅರ್ಥವನ್ನು ಬಿಡಿಸುವುದು, ಉಪಕಥೆಗೆ ಹೊರಳುವುದು, ಮತ್ತೆ ಕಥೆಗೆ ಬರುವುದು. ಆದರೆ ದಾಸರು ಭಕ್ತಿಗಾಗಿ ನಗಿಸುತ್ತಾರೆ. ಚಾಕ್ಯಾರನು ನಗಿಸುವುದು ಎದುರಿಗೆ ಕುಳಿತವರನ್ನೇ ಹಿಡಿದು. ರಾಜನು ಕುಳಿತಿದ್ದರೆ ರಾಜನನ್ನು, ನಂಬೂದಿರಿಯು ಕುಳಿತಿದ್ದರೆ ನಂಬೂದಿರಿಯನ್ನು. ಅವನಿಗೆ ಈ ಅಧಿಕಾರವನ್ನು ಕೊಟ್ಟವರು ಯಾರು, ಅದಕ್ಕೆ ಅವನು ತೆತ್ತ ಬೆಲೆಯೇನು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಈ ಜನರ ಪ್ರಾಚೀನತೆಯ ವಿಷಯದಲ್ಲಿ ಸಂದೇಹವಿಲ್ಲ. ತಮಿಳಿನ ಶಿಲಪ್ಪದಿಕಾರದಲ್ಲಿ ಪರೈಯೂರಿನ ಕೂತ್ತಚ್ಚಾಕ್ಕೈಯನೊಬ್ಬನು ಚೇರರಾಜ ಸೆಂಗುಟ್ಟುವನ ಮುಂದೆ ಶಿವನೃತ್ತವನ್ನು ಆಡಿ ತೋರಿಸಿದ ಪ್ರಸಂಗವು ಬಂದಿದೆ. ಚೋಳರ ಶಾಸನಗಳಲ್ಲಿಯೂ ‘ಶಾಕ್ಕೈಕ್ಕೂತ್ತು’ ನಡೆಸಿದವರಿಗೆ ಭೂಮಿಯನ್ನು ಬಿಟ್ಟ ಉಲ್ಲೇಖಗಳುಂಟು. ತಮಿಳು ದೇಶದಲ್ಲಿ ಅಳಿದುಹೋದದ್ದು ಘಟ್ಟದಾಚೆ ಉಳಿಯಿತು. ಏಕನಟನ ಹಾಸ್ಯಕ್ಕೆ ಸಂಸ್ಕೃತದಲ್ಲಿಯೂ ಒಂದು ಪೂರ್ವರೂಪವಿದೆ. ದಶರೂಪಕಗಳಲ್ಲಿ ಒಂದಾದ ಭಾಣದಲ್ಲಿ ವಿಟನೊಬ್ಬನೇ ರಂಗದ ಮೇಲೆ ಬಂದು, ಕಾಣದವರನ್ನು ಕಂಡಂತೆಯೂ ಕೇಳದ ಮಾತನ್ನು ಕೇಳಿದಂತೆಯೂ ನಟಿಸುತ್ತಾ ಊರಿನ ಬೀದಿಯನ್ನೆಲ್ಲ ಬಣ್ಣಿಸುತ್ತಾನೆ. ಅಂತಹ ನಾಲ್ಕು ಹಳೆಯ ಭಾಣಗಳು 1922ರಲ್ಲಿ ಚತುರ್ಭಾಣೀ ಎಂಬ ಹೆಸರಿನಿಂದ ಅಚ್ಚಾದುವು. ಭಾಣದ ವಿಟನಿಗೂ ಚಾಕ್ಯಾರನಿಗೂ ಇರುವ ಅಂತರವು ಇಷ್ಟೇ: ವಿಟನು ಮಾತನಾಡಿಸುವವರು ಆಕಾಶದಲ್ಲಿದ್ದಾರೆ, ಚಾಕ್ಯಾರನು ಮಾತನಾಡಿಸುವವರು ಚಾಪೆಯ ಮೇಲಿದ್ದಾರೆ.

ಕೂತ್ತು ನಡೆಯುವುದು ದೇವಾಲಯದ ಪ್ರಾಕಾರದೊಳಗಿನ ಕೂತ್ತಂಬಲವೆಂಬ ನಾಟ್ಯಮಂಟಪದಲ್ಲಿ. ತೃಶ್ಶೂರಿನ ವಡಕ್ಕುನ್ನಾಥ, ಇರಿಂಞಾಲಕುಡದ ಕೂಡಲ್ಮಾಣಿಕ್ಯ, ಹರಿಪ್ಪಾಡು ಮೊದಲಾದ ಕ್ಷೇತ್ರಗಳಲ್ಲಿ ಇಂತಹ ಮಂಟಪಗಳಿವೆ. ರಂಗದ ಮುಂದೆ ಕಂಚಿನ ದೊಡ್ಡ ದೀಪ. ಅದರ ಎರಡು ಬತ್ತಿಗಳು ನಟನ ಕಡೆಗೆ, ಒಂದು ಸಭೆಯ ಕಡೆಗೆ. ಹಿಂದೆ ಮರದ ಚೌಕಟ್ಟಿನಲ್ಲಿ ಕುಳ್ಳಿರಿಸಿದ, ಬಾಯಿಗೆ ಚರ್ಮವನ್ನು ಬಿಗಿದ, ಹಂಡೆಯಂತಹ ತಾಮ್ರದ ವಾದ್ಯ, ಅದೇ ಮಿೞಾವು. (ಕನ್ನಡವು ಬಹುಕಾಲದ ಹಿಂದೆ ಕೈಬಿಟ್ಟ ೞಕಾರವು ಆ ನಾಡಿನಲ್ಲಿ ಇನ್ನೂ ಬದುಕಿದೆ, ಇಲ್ಲಿ ಮುಂದೆ ಮಿಳಾವು ಎಂದೇ ಬರೆಯಲಾಗಿದೆ.) ಆ ವಾದ್ಯವನ್ನು ಬ್ರಹ್ಮಚಾರಿಯೆಂದು ಭಾವಿಸಿ ಅದಕ್ಕೆ ಉಪನಯನಾದಿ ಸಂಸ್ಕಾರಗಳನ್ನು ಮಾಡುವ ಪದ್ಧತಿಯುಂಟು. ಬಾರಿಸುವವನು ನಂಬ್ಯಾರ್ ಕುಲದವನು. ತಾಳ ಹಾಕುವವಳು ಅದೇ ಕುಲದ ನಂಗ್ಯಾರ್. ಚಾಕ್ಯಾರನ ವೇಷವೇ ಅರ್ಧ ನಗೆಯನ್ನು ತರುವಂತಹುದು. ಮೈಗೆ ಗಂಧ, ಅಲ್ಲಲ್ಲಿ ಕೆಂಪು ಬೊಟ್ಟು, ಕಪ್ಪು ಮೀಸೆ, ತಲೆಗೆ ವಿಚಿತ್ರವಾದ ಮುಡಿ. ಒಂದು ಕಿವಿಗೆ ಕುಂಡಲ, ಇನ್ನೊಂದಕ್ಕೆ ಸುರುಳಿ ಸುತ್ತಿದ ವೀಳ್ಯದೆಲೆ.

ಇಂತಹ ವೇಷವನ್ನು ಧರಿಸಿದವನು ಬಾಯಿ ತೆರೆದರೆ ಹೊರಡುವುದು ಶುದ್ಧ ಸಂಸ್ಕೃತ. ಭೋಜನ ಚಂಪೂರಾಮಾಯಣ, ಮೇಲ್ಪತ್ತೂರು ನಾರಾಯಣ ಭಟ್ಟನ ರಾಜಸೂಯ, ದೂತವಾಕ್ಯ, ಪಾಂಚಾಲೀ ಸ್ವಯಂವರ ಮೊದಲಾದ ಪ್ರಬಂಧಗಳಿಂದ ಒಂದು ಪದ್ಯವನ್ನು ಎತ್ತಿಕೊಂಡು, ಸ್ವರವಿಟ್ಟು ಪಠಿಸಿ, ಅನ್ವಯ ಮಾಡಿ, ಸಮಾಸವನ್ನು ಬಿಡಿಸಿ, ಪಾಠಶಾಲೆಯ ಗುರುವು ಶಿಷ್ಯರಿಗೆ ಹೇಳುವಷ್ಟೇ ಗಾಂಭೀರ್ಯದಿಂದ ಅರ್ಥವನ್ನು ಮಲಯಾಳದಲ್ಲಿ ವಿವರಿಸತೊಡಗುತ್ತಾನೆ. ಹಾಸ್ಯವು ಹೊರಗಿನಿಂದ ಬಂದು ಸೇರುವುದಿಲ್ಲ, ಈ ವಿವರಣೆಯ ಒಳಗಿನಿಂದಲೇ ಹುಟ್ಟುತ್ತದೆ. ಸುಗ್ರೀವನ ಆಜ್ಞೆಯಂತೆ ವಾನರರು ದಿಕ್ಕುದಿಕ್ಕುಗಳಿಂದ ಬಂದು ನೆರೆದರೆಂಬ ಪ್ರಸಂಗವು ಬಂದಿತೆನ್ನೋಣ. ನೆರೆದ ವಾನರರು ಹೇಗಿದ್ದರು? ಒಬ್ಬನು ಕೆನ್ನೆ ಉಬ್ಬುವಂತೆ ಬಾಯಲ್ಲಿ ಏನನ್ನೋ ತುಂಬಿಕೊಂಡಿದ್ದನು; ಒಬ್ಬನು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದನು; ಒಬ್ಬನು ಹೊತ್ತು ಮೀರಿ ಬಂದು, ಮುಂದಿನ ಸಾಲಿನಲ್ಲಿಯೇ ಸ್ಥಳವಾಗಬೇಕೆಂದು ಎಲ್ಲರನ್ನೂ ದಾಟಿಕೊಂಡು ಹೋಗುತ್ತಿದ್ದನು. ಹೇಳುತ್ತಿರುವವನ ಮುಖದಲ್ಲಿ ಬದಲಾವಣೆಯಿಲ್ಲ. ಕಣ್ಣು ಮಾತ್ರ ಕಂಬದ ಕಡೆಗೆ ಹೋಗುತ್ತದೆ, ಬಾಗಿಲಿನ ಕಡೆಗೆ ಹೋಗುತ್ತದೆ. ಮೊದಲು ಪ್ರತಿಯೊಬ್ಬನೂ ಪಕ್ಕದವನನ್ನು ನೋಡಿ ನಗುತ್ತಾನೆ. ಕಪಿಸೈನ್ಯದಲ್ಲಿ ತಾನೂ ಒಬ್ಬನೆಂಬುದು ಅನಂತರ ತಿಳಿಯುತ್ತದೆ. ಯಾರ ಹೆಸರನ್ನೂ ಎತ್ತಿದಂತಾಗಲಿಲ್ಲ. ವಾಲ್ಮೀಕಿಯ ಕಥೆಯನ್ನು ಬಿಟ್ಟು ಕದಲಿದಂತೆಯೂ ಆಗಲಿಲ್ಲ. ಹಾಗೆಯೇ ದೂತವಾಕ್ಯದಲ್ಲಿ ಶ್ರೀಕೃಷ್ಣನು ಕೌರವರ ಸಭೆಯನ್ನು ಹೊಕ್ಕಾಗ ಕೇಳುವವರೇ ಕೌರವರಾಗುತ್ತಾರೆ. ಭರತಮುನಿಯು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ ಮಧ್ಯಮ ಅಧಮರಿಗೆ ಹಂಚಿಕೊಟ್ಟಿದ್ದಾನೆ. ಕೂತ್ತಂಬಲದಲ್ಲಿ ಆ ಆರೂ ಸಭೆಯ ಪಾಲಿಗೆ ಬಂದುವು. ನಗಿಸುವವನಿಗೆ ಒಂದೂ ಉಳಿಯಲಿಲ್ಲ. ತಾನೇ ಮೊದಲು ನಕ್ಕು ಬಳಿಕ ಮಾತು ಹೇಳುವ ಹಾಸ್ಯಗಾರರು ಈ ಒಂದು ನಿಯಮವನ್ನಾದರೂ ಚಾಕ್ಯಾರರಿಂದ ಕಲಿಯಬಹುದಾಗಿದೆ.

ಇವರ ಭಂಡಾರದಲ್ಲಿ ನಿರನುನಾಸಿಕವೆಂಬ ಪ್ರಬಂಧವೊಂದಿದೆ. ನಾರಾಯಣೀಯದ ಕರ್ತೃವಾದ ಮೇಲ್ಪತ್ತೂರು ನಾರಾಯಣ ಭಟ್ಟನು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದವನು, ಮಹಾವೈಯಾಕರಣನು. ಅವನು ತನ್ನ ಸ್ನೇಹಿತನಾದ ಇರವಿ ಚಾಕ್ಯಾರನಿಗಾಗಿ ಇದನ್ನು ರಚಿಸಿಕೊಟ್ಟನೆಂದು ಪ್ರತೀತಿಯುಂಟು. ಲಕ್ಷ್ಮಣನಿಂದ ಮೂಗು ಕೊಯ್ಯಿಸಿಕೊಂಡ ಶೂರ್ಪಣಖಿಯು ಅಣ್ಣನಾದ ರಾವಣನ ಬಳಿಗೆ ಓಡಿಬಂದು ದೂರು ಹೇಳುವ ಭಾಗವಿದು. ಅನುನಾಸಿಕಗಳನ್ನು ಬಾಯಿಯೂ ಮೂಗೂ ಕೂಡಿಯೇ ಉಚ್ಚರಿಸಬೇಕೆಂಬುದು ಪಾಣಿನಿಯ ಮತ. ಮೂಗೇ ಇಲ್ಲದವಳ ಬಾಯಲ್ಲಿ ಅವು ಹೇಗೆ ಬಂದಾವು? ಆದುದರಿಂದ ಕವಿಯು ಅವಳ ಮಾತುಗಳಲ್ಲೆಲ್ಲ ಙ, ಞ, ಣ, ನ, ಮ ಎಂಬ ಐದಕ್ಷರಗಳನ್ನು ಬಿಟ್ಟೇ ಪದ್ಯ ಕಟ್ಟಿದ್ದಾನೆ. ದಶಕುಮಾರಚರಿತದಲ್ಲಿ ತುಟಿಗೆ ಗಾಯವಾದ ಮಂತ್ರಗುಪ್ತನ ಬಾಯಿಂದ ಓಷ್ಠ್ಯವರ್ಣಗಳಿಲ್ಲದೆ ಕಥೆ ಹೇಳಿಸಿದ ದಂಡಿಯೇ ಇದಕ್ಕೆ ದಾರಿ ತೋರಿಸಿರಬಹುದು. ಆದರೆ ದಂಡಿಯಲ್ಲಿ ಅದು ಚಮತ್ಕಾರ. ಇಲ್ಲಿ ಅದಕ್ಕಿಂತ ಹೆಚ್ಚಿನದೊಂದಿದೆ. ಈ ನಿಯಮದಿಂದ ಶೂರ್ಪಣಖಿಗೆ ಯಾವ ಯಾವ ಮಾತುಗಳು ತಪ್ಪಿಹೋದುವೆಂಬುದನ್ನು ವಾಚಕರು ಎಣಿಸಿ ನೋಡಬೇಕು. ರಾಮನೆನ್ನಲಾರಳು, ಲಕ್ಷ್ಮಣನೆನ್ನಲಾರಳು, ತನಗೆ ಕೇಡು ಮಾಡಿದವರ ಹೆಸರೇ ಅವಳ ಬಾಯಿಗೆ ಬಾರದು. ಕಳೆದುಹೋದದ್ದು ನಾಸಿಕವೆಂದು ಹೇಳಲಾರಳು, ಏಕೆಂದರೆ ಆ ಪದದ ಮೊದಲ ಅಕ್ಷರವೇ ಮೂಗನ್ನು ಬೇಡುತ್ತದೆ. ತನ್ನನ್ನು ಕಾಪಾಡತಕ್ಕ ರಾವಣನನ್ನು ಹೆಸರು ಹಿಡಿದು ಕೂಗುವಂತೆಯೂ ಇಲ್ಲ. ಅಕ್ಷರಗಳ ತಡವರಿಕೆಗೆ ಸಭೆಯು ನಗುತ್ತಿರುವಾಗಲೇ ಹೆಣ್ಣೊಬ್ಬಳ ಅಂಗಭಂಗದ ನೋವು ಅದರ ಕೆಳಗೆ ಹರಿಯುತ್ತಿರುತ್ತದೆ. ವ್ಯಾಕರಣವು ನೀರಸವೆಂದು ದೂರುವವರಿಗೆ ಈ ಪ್ರಬಂಧವನ್ನು ತೋರಿಸಬೇಕು.

ಪ್ರಬಂಧಕೂತ್ತಿನ ಈ ವಾಗ್ಮಿಯೇ ಕೂಡಿಯಾಟ್ಟವೆಂಬ ಸಂಸ್ಕೃತ ನಾಟಕದಲ್ಲಿ ವಿದೂಷಕನಾಗಿ ಬರುತ್ತಾನೆ. ತಪತೀಸಂವರಣ, ಸುಭದ್ರಾಧನಂಜಯಗಳನ್ನು ಬರೆದ ಚೇರರಾಜ ಕುಲಶೇಖರವರ್ಮನೂ ಅವನ ಆಸ್ಥಾನದ ತೋಲನೆಂಬ ವಿನೋದಪ್ರಿಯನೂ ಸೇರಿ ಈ ರಂಗಪದ್ಧತಿಯನ್ನು ತಿದ್ದಿದರೆಂದು ಸಂಪ್ರದಾಯವು ಹೇಳುತ್ತದೆ. ನಾಯಕನು ನಾಯಿಕೆಯ ಸೌಂದರ್ಯವನ್ನು ಸಂಸ್ಕೃತ ಶ್ಲೋಕದಲ್ಲಿ ಹೊಗಳಿದನೆಂದರೆ, ಅದೇ ವೃತ್ತದಲ್ಲಿ, ಹೆಚ್ಚು ಕಡಮೆ ಅದೇ ಅಲಂಕಾರಗಳಿಂದ, ವಿದೂಷಕನು ತನ್ನ ಪಾಲಿನ ಕುರೂಪಿ ದಾಸಿಯನ್ನು ದೇಶಭಾಷೆಯಲ್ಲಿ ಹೊಗಳುತ್ತಾನೆ. ಇವಕ್ಕೆ ಪ್ರತಿಶ್ಲೋಕಗಳೆಂದು ಹೆಸರು. ಇದಕ್ಕಿಂತಲೂ ತೀಕ್ಷ್ಣವಾದುದು ಪುರುಷಾರ್ಥಕೂತ್ತು. ವಿದೂಷಕನು ರಂಗಕ್ಕೆ ಬಂದವನು ನಾಟಕದ ಕಥೆಯನ್ನು ನಿಲ್ಲಿಸಿ, ಹಲವು ರಾತ್ರಿಗಳವರೆಗೆ ತನ್ನ ಊರಿನ ಕಥೆಯನ್ನು ಹೇಳುತ್ತಾನೆ. ಆ ಊರಿನ ಹೆಸರು ಅನಧೀತಿಮಂಗಲ, ಎಂದರೆ ಅಧ್ಯಯನವೆಂಬುದೇ ಇಲ್ಲದ ಅಗ್ರಹಾರ. ಅಲ್ಲಿಯ ಬ್ರಾಹ್ಮಣರು ಕೂಡಿ ವಿಚಾರ ಮಾಡಿ, ಧರ್ಮ, ಅರ್ಥ, ಕಾಮ, ಮೋಕ್ಷಗಳು ಈ ಕಾಲದಲ್ಲಿ ಸಾಧಿಸಲಾಗತಕ್ಕವಲ್ಲವೆಂದು ನಿಶ್ಚಯಿಸಿ, ಅವುಗಳ ಬದಲಾಗಿ ವಿನೋದ, ವಂಚನ, ಅಶನ, ರಾಜಸೇವೆ ಎಂಬ ಬೇರೆ ನಾಲ್ಕನ್ನು ಸ್ಥಾಪಿಸಿಕೊಳ್ಳುತ್ತಾರೆ. ಅನಂತರ ಒಂದೊಂದಕ್ಕೂ ಶಾಸ್ತ್ರೋಕ್ತವಾದ ವ್ಯಾಖ್ಯಾನ. ಅಶನದ ರಾತ್ರಿಯಲ್ಲಿ ಔತಣದ ಮೇಲೋಗರಗಳನ್ನು ವೇದಾಂತವಿಷಯಗಳಷ್ಟೇ ಶ್ರದ್ಧೆಯಿಂದ ವಿಚಾರಿಸಲಾಗುತ್ತದೆ. ಇದನ್ನು ಕೇಳುತ್ತ ಕುಳಿತವರು ಯಾರು? ಊರಿನ ದೇವಾಲಯಕ್ಕೆ ಒಡೆಯರಾದ ನಂಬೂದಿರಿಗಳೇ. ತಮ್ಮ ಮನೆಯ ಎಲೆಯನ್ನೂ ಊಟವನ್ನೂ ಗುರುತಿಸಿಕೊಂಡು ನಕ್ಕವರು ಅವರೇ.

ಇಷ್ಟನ್ನೆಲ್ಲ ಅವರು ಹೇಗೆ ಸಹಿಸಿದರೆಂಬುದಕ್ಕೆ ಉತ್ತರವು ಚಾಕ್ಯಾರನ ತಲೆಯ ಮುಡಿಯಲ್ಲಿದೆ. ಮುಡಿಯನ್ನು ಧರಿಸಿ ದೀಪದ ಮುಂದೆ ನಿಂತವನು ಆಡಿದ ಮಾತಿಗೆ ಸಭೆಯಲ್ಲಿ ಯಾರೂ ಪ್ರತ್ಯುತ್ತರ ಕೊಡಕೂಡದು, ರಾಜನೂ ಕೊಡಕೂಡದು ಎಂಬುದು ಕಟ್ಟಳೆ. ಯಾವನಾದರೂ ಕೆರಳಿ ಎದ್ದು ಮಾತನಾಡಿದರೆ, ಚಾಕ್ಯಾರನು ಅಲ್ಲಿಯೇ ಮುಡಿಯನ್ನು ತೆಗೆದಿಡುವನು. ಆ ಬಳಿಕ ಆ ಸ್ಥಳದಲ್ಲಿ ಕೂತ್ತು ನಡೆಯದು. ದೇವರಿಗೆ ಸಲ್ಲತಕ್ಕ ಸೇವೆಯೊಂದು ತನ್ನ ಕೋಪದಿಂದ ನಿಂತುಹೋಯಿತೆಂಬ ಅಪವಾದವನ್ನು ಹೊರಲು ಯಾವ ಪ್ರಭುವೂ ಸಿದ್ಧನಿರಲಿಲ್ಲ.

ಆದರೆ ಈ ಅಧಿಕಾರವು ಬಿಟ್ಟಿಯಾಗಿ ಬಂದುದಲ್ಲ. ನಂಬೂದಿರಿಗಳಲ್ಲಿ ಸ್ತ್ರೀಯೊಬ್ಬಳ ಮೇಲೆ ವ್ಯಭಿಚಾರದ ಶಂಕೆ ಬಂದರೆ ಸ್ಮಾರ್ತವಿಚಾರವೆಂಬ ನ್ಯಾಯವಿಚಾರಣೆ ನಡೆದು, ದೋಷವು ಸ್ಥಿರಪಟ್ಟರೆ ಅವಳನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದರು. ದೋಷಕಾಲದ ಈಚೆಗೆ ಹುಟ್ಟಿದ ಅವಳ ಗಂಡುಮಕ್ಕಳಲ್ಲಿ ಅದಾಗಲೇ ಉಪನಯನವಾಗಿದ್ದವನು ಚಾಕ್ಯಾರನಾಗುವನು, ಆಗದಿದ್ದವನು ನಂಬ್ಯಾರನಾಗುವನು ಎಂಬುದು ಅಲ್ಲಿಯ ಹಳೆಯ ಆಚಾರವೆಂದು ಹೇಳುತ್ತಾರೆ. ಜನಿವಾರ ಉಳಿಯಿತು, ಪಂಕ್ತಿ ತಪ್ಪಿತು. ತಂದೆಯ ಮನೆಯ ಒಳಗುಟ್ಟನ್ನು ಬಲ್ಲವನು, ಆ ಮನೆಯ ಹೊಸ್ತಿಲನ್ನು ಮಾತ್ರ ದಾಟಲಾರದವನು, ದೀಪದ ಮುಂದೆ ನಿಂತು ಆ ಮನೆಯವರನ್ನೇ ನಗಿಸಬೇಕು. ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಭರತನ ಪುತ್ರರು ಋಷಿಗಳನ್ನು ಹಾಸ್ಯಮಾಡಿ ಅವರ ಶಾಪದಿಂದ ಕುಲಭ್ರಷ್ಟರಾದ ಕಥೆಯಿದೆ. ಅಲ್ಲಿ ಪರಿಹಾಸವು ಮೊದಲು, ಪತನವು ಅನಂತರ. ಮಲೆಯಾಳದಲ್ಲಿ ಕ್ರಮವು ತಿರುಗಿತು. ಇಷ್ಟಾದರೂ ಪಂಡಿತರ ಅಸಮಾಧಾನವು ತಪ್ಪಲಿಲ್ಲ. ಹೆಸರು ತಿಳಿಯದ ವಿದ್ವಾಂಸನೊಬ್ಬನು ನಟಾಂಕುಶವೆಂಬ ಗ್ರಂಥವನ್ನೇ ಬರೆದು, ಇವರು ಕವಿಯ ಪಠ್ಯವನ್ನು ಬಿಟ್ಟು ಮನಬಂದಂತೆ ವಿಸ್ತರಿಸುತ್ತಾರೆಂದು ಆಕ್ಷೇಪಿಸಿದನು. ಆನೆಯು ಅಂಕುಶಕ್ಕೆ ಬಗ್ಗಲಿಲ್ಲವೆಂಬುದನ್ನು ಮುಂದಿನ ಚರಿತ್ರೆಯೇ ತೋರಿಸುತ್ತದೆ.

ಚಾಕ್ಯಾರನ ಮಾತಿಗೆ ಮರುಮಾತಿಲ್ಲವೆಂಬ ಕಟ್ಟಳೆಯಿಂದ ನೊಂದವರು ಸಭೆಯಲ್ಲಿ ಮಾತ್ರವೇ ಇರಲಿಲ್ಲ. ಅವನ ಬೆನ್ನ ಹಿಂದೆಯೂ ಇದ್ದರು. ಅಂಬಲಪ್ಪುಳೆಯ ಶ್ರೀಕೃಷ್ಣ ದೇವಾಲಯದಲ್ಲಿ ಒಂದು ರಾತ್ರಿ ಮಿಳಾವು ಬಾರಿಸುತ್ತಿದ್ದ ಕುಂಜನ್ ನಂಬ್ಯಾರನು ತೂಕಡಿಸಿದನಂತೆ. ತಾಳ ತಪ್ಪಿತು. ಚಾಕ್ಯಾರನು ಬಿಡುವವನೇ? ಸಭೆಯೆಲ್ಲ ನಗುವಂತೆ ಅವನನ್ನು ಹಂಗಿಸಿದನು. ನಂಬ್ಯಾರನು ತುಟಿಯೆರಡು ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ. ಮರುದಿನ ಕೂತ್ತು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಬೇರೆ ವೇಷವೊಂದನ್ನು ಕಟ್ಟಿಕೊಂಡು, ಕಲ್ಯಾಣಸೌಗಂಧಿಕವೆಂಬ ಹೊಸ ಕೃತಿಯನ್ನು ಹಾಡುತ್ತಾ ಕುಣಿಯತೊಡಗಿದನು; ಕೂತ್ತಂಬಲವು ಬರಿದಾಯಿತು, ಜನರೆಲ್ಲ ಅತ್ತ ಹೋದರು. ಚಾಕ್ಯಾರನು ದೂರಿತ್ತುದರಿಂದ ರಾಜನು ಆ ಹೊಸ ಆಟವನ್ನು ದೇವಾಲಯದಲ್ಲಿ ಆಡಕೂಡದೆಂದು ನಿಷೇಧಿಸಿದನೆಂದೂ ಕಥೆಯು ಹೇಳುತ್ತದೆ. ಇದನ್ನು ಅಕ್ಷರಶಃ ನಂಬಬೇಕೆಂಬ ನಿರ್ಬಂಧವಿಲ್ಲ. ಒಂದೇ ರಾತ್ರಿಯಲ್ಲಿ ಅಂತಹ ಕಾವ್ಯವು ಹುಟ್ಟುವುದು ಕಷ್ಟ. ಆದರೆ ತುಳ್ಳಲ್ ಎಂಬ ಆ ಕಲೆಯು ಹುಟ್ಟಿದ್ದು ನಿಜ; ಕುಂಜನ್ ನಂಬ್ಯಾರನು (ಸುಮಾರು 1705–1770) ಅಂಬಲಪ್ಪುಳೆಯ ರಾಜನ ಆಶ್ರಯದಲ್ಲಿದ್ದು, ಆ ರಾಜ್ಯವು 1746ರಲ್ಲಿ ತಿರುವಿದಾಂಕೂರಿಗೆ ಸೇರಿದ ಮೇಲೆ ಅಲ್ಲಿಯ ಅರಸರ ಪೋಷಣೆಯನ್ನು ಪಡೆದದ್ದೂ ನಿಜ. ಕಥೆಯ ನಿಜವು ಇನ್ನೊಂದು ಕಡೆ ಇದೆ. ಮರುಮಾತಾಡಲಾಗದವನು ಮರುಮಾತಿಗಾಗಿ ಬೇರೆಯೊಂದು ರಂಗವನ್ನೇ ಹೂಡಬೇಕಾಯಿತು. ಅವನು ಸಂಸ್ಕೃತವನ್ನು ಬದಿಗಿಟ್ಟನು, ಗೋಡೆಯನ್ನು ಬಿಟ್ಟು ಬಯಲಿಗೆ ಬಂದನು. ಭೀಮನೂ ಹನುಮಂತನೂ ಅವನ ಹಾಡಿನಲ್ಲಿ ಮಲೆಯಾಳದ ನಾಯರ ಪಟುಭಟರಂತೆಯೇ ಮಾತನಾಡಿದರು. ದೇವಲೋಕದಲ್ಲಿಯೂ ಆ ನಾಡಿನ ಅಡಿಗೆಯೇ ಬೆಂದಿತು.

ಕೂತ್ತಂಬಲದ ನಗೆಗೆ ಇದ್ದ ದೊಡ್ಡ ಕೊರತೆಯು ಇದರಿಂದ ಸ್ಪಷ್ಟವಾಗುತ್ತದೆ. ದೊಡ್ಡವರನ್ನು ಹಂಗಿಸುವ ಆ ಮಾತುಗಳನ್ನು ಕೇಳುವ ಭಾಗ್ಯವು ದೊಡ್ಡವರಿಗೇ ಮೀಸಲಾಗಿತ್ತು. ಅವರ ಹೊಲವನ್ನು ಉತ್ತವನಿಗೆ ಪ್ರಾಕಾರದ ಬಾಗಿಲು ಮುಚ್ಚಿತ್ತು. ತಿರುವಿದಾಂಕೂರಿನಲ್ಲಿ 1936ನೆಯ ನವೆಂಬರ್ 12ರ ರಾಜಘೋಷಣೆಯಿಂದ ಎಲ್ಲ ಹಿಂದೂಗಳಿಗೂ ದೇವಾಲಯಪ್ರವೇಶವು ದೊರೆಯಿತು. ಅಷ್ಟರಲ್ಲಿ ಚಾಕ್ಯಾರರ ಮನೆಗಳೇ ಬೆರಳೆಣಿಕೆಗೆ ಇಳಿದಿದ್ದುವು, ಕೇಳುವವರೂ ಕಡಮೆಯಾಗಿದ್ದರು. ಪೈಂಕುಳಂ ರಾಮ ಚಾಕ್ಯಾರರು (1905–1980) 1949ರಲ್ಲಿ ಕೂತ್ತನ್ನು ದೇವಾಲಯದಿಂದ ಹೊರಗೆ ತಂದು ನಡೆಸಿದಾಗ ಸ್ವಕುಲದವರಿಂದಲೇ ಪ್ರತಿಭಟನೆ ಎದುರಾಯಿತು. 1965ರಲ್ಲಿ ಕೇರಳ ಕಲಾಮಂಡಲದಲ್ಲಿ ಕೂಡಿಯಾಟ್ಟದ ಶಾಖೆಯು ತೆರೆದಾಗ ಅವರೇ ಅದರ ಗುರುಗಳಾಗಿ, ಚಾಕ್ಯಾರರಲ್ಲದ ಮಕ್ಕಳಿಗೂ ಈ ವಿದ್ಯೆಯನ್ನು ಕಲಿಸಿದರು. ಕಳೆದ ಶತಮಾನದ ವಿದೂಷಕರಲ್ಲಿ ಅವರಿಗೆ ಮೊದಲ ಸಾಲಿನ ಸ್ಥಾನವನ್ನು ರಸಿಕರು ಕೊಡುತ್ತಾರೆ. ಯೋಗಿಯ ಜೀವವು ವೇಶ್ಯೆಯ ದೇಹವನ್ನೂ ವೇಶ್ಯೆಯ ಜೀವವು ಯೋಗಿಯ ದೇಹವನ್ನೂ ಹೊಕ್ಕು ಗೊಂದಲವಾಗುವ ಭಗವದಜ್ಜುಕವೆಂಬ ಹಳೆಯ ಪ್ರಹಸನವನ್ನು 1970ರ ದಶಕದಲ್ಲಿ ಮತ್ತೆ ರಂಗಕ್ಕೆ ತಂದವರೂ ಅವರೇ. ಮಾಣಿ ಮಾಧವ ಚಾಕ್ಯಾರರ (1899–1990) ಬಲವು ಬೇರೆ. ಅವರು ಕೊಚ್ಚಿಯ ರಾಜಮನೆತನದ ಪರೀಕ್ಷಿತ್ ತಂಬುರಾನರಲ್ಲಿ ನ್ಯಾಯಶಾಸ್ತ್ರವನ್ನೂ ನಾಟ್ಯಶಾಸ್ತ್ರವನ್ನೂ ಓದಿದ ಪಂಡಿತರು. ಕಣ್ಣಿನ ಅಭಿನಯಕ್ಕೆ ಲೋಕಪ್ರಸಿದ್ಧರು. ನಗಿಸುವವನಿಗೆ ತರ್ಕವೇಕೆಂದು ಕೇಳುವವರು ಪುರುಷಾರ್ಥಕೂತ್ತನ್ನು ಒಮ್ಮೆ ನೆನೆಯಬೇಕು: ಹೊಟ್ಟೆಬಾಕತನವನ್ನು ಪುರುಷಾರ್ಥವೆಂದು ಸಾಧಿಸಿ ತೋರಿಸಬೇಕಾದರೆ, ಪೂರ್ವಪಕ್ಷ ಸಿದ್ಧಾಂತಗಳನ್ನು ನಿಜವಾಗಿ ಬಲ್ಲವನಿಗೇ ಸಾಧ್ಯ. ಇರಿಂಞಾಲಕುಡದ ಅಮ್ಮನ್ನೂರು ಮಾಧವ ಚಾಕ್ಯಾರರು (1917–2008) ಇವರ ಬಳಿಕ ಆ ದೀಪವನ್ನು ಕಾಪಾಡಿದವರು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಕೂಡಿಯಾಟ್ಟವನ್ನು ಮಾನವಕುಲದ ಅಮೂಲ್ಯ ಪರಂಪರೆಗಳಲ್ಲೊಂದೆಂದು ಸಾರಿತು.

ಗೋಡೆಯಿಂದ ಹೊರಬಂದ ಹಾಸ್ಯಗಾರನಿಗೆ ಸಭೆಯು ದೊಡ್ಡದಾಯಿತು, ಆದರೆ ಮುಡಿಯ ರಕ್ಷೆಯು ಹಿಂದೆಯೇ ಉಳಿಯಿತು. ಬಯಲಿನ ಸಭೆಯಲ್ಲಿ ಕೆರಳಿ ಏಳುವವನಿಗೆ ದೇವರ ಸೇವೆ ನಿಂತೀತೆಂಬ ಭಯವಿಲ್ಲ. 2021ನೆಯ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಏಕಾಂಗಿ ಹಾಸ್ಯಗಾರನೊಬ್ಬನ ಕಾರ್ಯಕ್ರಮವು, ಗೊಂದಲವಾದೀತೆಂದು ಪೊಲೀಸರು ಸೂಚಿಸಿದ್ದರಿಂದ, ಅವನು ಬಾಯಿ ತೆರೆಯುವ ಮೊದಲೇ ರದ್ದಾಯಿತು. ಚಾಕ್ಯಾರನ ಕಾಲದಲ್ಲಿ ಕೇಳುಗನು ಸಿಟ್ಟಾದರೆ ಹಾಸ್ಯಗಾರನು ತಾನಾಗಿ ಆಟವನ್ನು ನಿಲ್ಲಿಸುತ್ತಿದ್ದನು, ನಾಚಿಕೆಯು ಸಿಟ್ಟಾದವನ ಪಾಲಿಗೆ ಬರುತ್ತಿತ್ತು. ಈಗ ಆಟವನ್ನು ನಿಲ್ಲಿಸುವ ಅಧಿಕಾರವು ಸಿಟ್ಟಾದವನ ಕೈಗೆ ಬಂದಿದೆ.

ಕುಂಜನ್ ನಂಬ್ಯಾರನು ಹುಟ್ಟಿದ ಊರು ಭಾರತಪ್ಪುಳೆಯ ಬಳಿಯ ಕಿಳ್ಳಿಕ್ಕುರಿಶ್ಶಿಮಂಗಲ. ಮಾಣಿ ಮಾಧವ ಚಾಕ್ಯಾರರು ಬಾಳಿದ್ದೂ ಅದೇ ಊರಿನಲ್ಲಿ. ಹಂಗಿಸಿದವನ ವಿದ್ಯೆಯೂ ಹಂಗಿಸಿಕೊಂಡವನ ವಿದ್ಯೆಯೂ ಹೀಗೆ ಒಂದೇ ಊರಿನಲ್ಲಿ ನೆರೆಹೊರೆಯಾದುವು. ಅತ್ತ ಅಂಬಲಪ್ಪುಳೆಯ ದೇವಾಲಯದಲ್ಲಿ ನಂಬ್ಯಾರನು ಬಾರಿಸುತ್ತಿದ್ದುದೆಂದು ಹೇಳುವ ಮಿಳಾವನ್ನು ಈಗಲೂ ಕಾಪಾಡಿಟ್ಟಿದ್ದಾರೆ. ಯಾತ್ರಿಕರು ದೇವರ ದರ್ಶನವನ್ನು ಮುಗಿಸಿ, ಅದರ ಮುಂದೆಯೂ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ.